ಅಮ್ಮನ ಫ್ರಿಡ್ಜು ಮತ್ತು ಒಂದು ಜಾಬ್ ಶೀಟು

ಪಾಂಡವಪುರ ತಾಲ್ಲೂಕಿನ ನಮ್ಮೂರಿನ ಮನೆಯಲ್ಲಿ ಅಮ್ಮ ಒಬ್ಬರೇ ಇರುತ್ತಾರೆ. ಕಳೆದ ಯುಗಾದಿಗೆ ಸ್ವಲ್ಪ ಮುಂಚೆ ಮೈಸೂರಿನ ಅಂಗಡಿಯೊಂದರಲ್ಲಿ ಅವರಿಗೊಂದು ಫ್ರಿಡ್ಜು ಕೊಂಡು ಊರಿಗೆ ಕಳುಹಿಸಿಕೊಟ್ಟಿದ್ದೆ. ಹತ್ತು ತಿಂಗಳು ಅದರ ಸುದ್ದಿಯೇ ಇರಲಿಲ್ಲ. ಸಂಕ್ರಾಂತಿ ಕಳೆದ ವಾರ ಅಮ್ಮ ಫೋನ್ ಮಾಡಿ, ರಾತ್ರಿ ಇಟ್ಟ ಹಾಲು ಬೆಳಿಗ್ಗೆ ಕಾಯಿಸುವಾಗ ಒಡೆಯಿತೆಂದೂ, ದೋಸೆ ಹಿಟ್ಟು ಹುಳಿಯೆದ್ದು ಪಾತ್ರೆಯಿಂದಾಚೆ ಚೆಲ್ಲಿದೆಯೆಂದೂ, ಒಳಗೆ ದೀಪವೊಂದೇ ಉರಿಯುತ್ತಿದೆಯೆಂದೂ ಹೇಳಿದರು.

ದೂರು ಕೊಟ್ಟ ಮೂರನೆಯ ದಿನ ಸರ್ವಿಸ್ ಸೆಂಟರಿನಿಂದ ಒಬ್ಬ ಹುಡುಗ ಬಂದ. ಅಮ್ಮ ಕಾಫಿ ಕೊಟ್ಟರು. ಅವನು ಫ್ರಿಡ್ಜಿನ ಹಿಂಬದಿ ಬಿಚ್ಚಿ ನೋಡಿ, ನಿಮ್ಮೂರಿನ ವೋಲ್ಟೇಜ್ ಏರಿಳಿತದಿಂದ ಬೋರ್ಡ್ ಸುಟ್ಟಿದೆ, ಇದು ವಾರಂಟಿಗೆ ಬರುವುದಿಲ್ಲ, ಹೊಸ ಬೋರ್ಡಿಗೆ 4,800 ರೂಪಾಯಿ ಆಗುತ್ತದೆ ಎಂದ. ಮಗನನ್ನು ಕೇಳಿ ಹೇಳುತ್ತೇನೆಂದು ಅಮ್ಮ ಹೇಳಿದಾಗ, ಕಾಗದವೊಂದಕ್ಕೆ ಸಹಿ ಹಾಕಿಸಿಕೊಂಡು, ‘ಅಮ್ಮ, ಒಂದು ಓಟಿಪಿ ಬಂದಿರುತ್ತೆ ನೋಡಿ’ ಎಂದು ಕೇಳಿ ಪಡೆದು ಹೊರಟ. ಅವನ ಬೈಕು ಊರ ಅರಳಿಕಟ್ಟೆ ದಾಟುವಷ್ಟರಲ್ಲಿ ಅಮ್ಮನ ಮೊಬೈಲಿಗೆ ‘ನಿಮ್ಮ ದೂರು ಪರಿಹಾರವಾಗಿದೆ’ ಎಂಬ ಸಂದೇಶ ಬಂದಿತ್ತು.

ಆ ಭಾನುವಾರ ಊರಿಗೆ ಹೋದಾಗ ಸಹಿ ಹಾಕಿದ ಕಾಗದ ನೋಡಿದೆ. ಅದು ಜಾಬ್ ಶೀಟು, ರಿಪೇರಿಗೆ ಬಂದವರು ಕಂಡದ್ದನ್ನೂ ಮಾಡಿದ್ದನ್ನೂ ಬರೆದಿಡುವ ಹಾಳೆ. ಅಮ್ಮನಿಗೆ ಓದಲು ಬಾರದ ಇಂಗ್ಲಿಷಿನಲ್ಲಿ ‘ನಾಟ್ ಕೂಲಿಂಗ್, ಬೋರ್ಡ್ ಫಾಲ್ಟಿ, ಕಸ್ಟಮರ್ ನಾಟ್ ಅಗ್ರೀಡ್’ ಎಂದಷ್ಟೇ ಬರೆದಿತ್ತು. ವೋಲ್ಟೇಜ್ ಎಂಬ ಪದ ಆ ಹಾಳೆಯಲ್ಲಿ ಎಲ್ಲಿಯೂ ಇರಲಿಲ್ಲ. ವಾರಂಟಿ ನಿರಾಕರಿಸಲು ಬಾಯಲ್ಲಿ ಹೇಳಿದ ಕಾರಣ ಕಾಗದಕ್ಕೆ ಇಳಿದೇ ಇರಲಿಲ್ಲ. ಕಾಗದದ ಪ್ರಕಾರ ಬೋರ್ಡು ಕೆಟ್ಟಿತ್ತು, ರಿಪೇರಿಗೆ ಒಪ್ಪದವರು ನಮ್ಮಮ್ಮ. ನಾಳೆ ಯಾರಾದರೂ ಈ ಹಾಳೆಯನ್ನು ತೆಗೆದು ನೋಡಿದರೆ ತಪ್ಪು ಗ್ರಾಹಕರದೇ ಎಂದು ಕಾಣುತ್ತದೆ. ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಹೇಳಿಕೊಟ್ಟ ಮಾತನ್ನು ಅವನು ಒಪ್ಪಿಸಿ ಹೋಗಿದ್ದ.

ನಮ್ಮೂರಿನಲ್ಲಿ ವೋಲ್ಟೇಜ್ ಏರುಪೇರಾಗುವುದಿಲ್ಲವೆಂದು ನಾನು ವಾದಿಸುವುದಿಲ್ಲ. ಮನೆಗೆ ಬರಬೇಕಾದದ್ದು 230 ವೋಲ್ಟ್; ಗದ್ದೆ ಬಯಲಿನ ಪಂಪ್‌ಸೆಟ್ಟುಗಳು ಒಟ್ಟಿಗೆ ಶುರುವಾದ ಹೊತ್ತಿನಲ್ಲಿ ನಡುಮನೆಯ ಬಲ್ಬು ಮಂಕಾಗುವುದನ್ನು ನಾನು ಚಿಕ್ಕಂದಿನಿಂದ ಕಂಡಿದ್ದೇನೆ. ಆದರೆ ಫ್ರಿಡ್ಜಿನ ಬಾಗಿಲ ಮೇಲೆ ಅಂಗಡಿಯಿಂದ ಬಂದಾಗಿನ ಸ್ಟಿಕ್ಕರು ಹಾಗೆಯೇ ಇತ್ತು. ಹೊಸದರ ಕಳೆ ಹೋಗಬಾರದೆಂದು ಅಮ್ಮ ಅದನ್ನು ಕೀಳಲು ಯಾರಿಗೂ ಬಿಟ್ಟಿರಲಿಲ್ಲ. ‘130ರಿಂದ 300 ವೋಲ್ಟ್‌ವರೆಗೆ ಸ್ಟೆಬಿಲೈಸರ್ ಬೇಕಿಲ್ಲ’ ಎಂದು ಅದರಲ್ಲಿ ದಪ್ಪ ಅಕ್ಷರದಲ್ಲಿ ಅಚ್ಚಾಗಿತ್ತು. ಅಮ್ಮನ ಈ ಹಟವನ್ನು ಹತ್ತು ತಿಂಗಳಿಂದ ಗೇಲಿ ಮಾಡುತ್ತಿದ್ದವನು ನಾನೇ.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯು, 1986ರ ಹಳೆಯ ಕಾಯ್ದೆಯ ಜಾಗದಲ್ಲಿ, 2020ರ ಜುಲೈನಲ್ಲಿ ಜಾರಿಗೆ ಬಂದಿತು. ಅದರಲ್ಲಿ ‘ದೋಷ’ವೆಂದರೆ ಏನೆಂಬ ವಿವರಣೆಯನ್ನು ವಾರಂಟಿ ಕಾರ್ಡಿಗಿಂತ ಮೊದಲು ಓದಬೇಕು. ಕಾನೂನಿನ ಪ್ರಕಾರ ಅಥವಾ ಒಪ್ಪಂದದ ಪ್ರಕಾರ ಇರಬೇಕಾದ ಗುಣಮಟ್ಟದಲ್ಲಿನ ಕೊರತೆಯಷ್ಟೇ ಅಲ್ಲ, ವ್ಯಾಪಾರಿಯು ಯಾವುದೇ ರೀತಿಯಲ್ಲಿ ತಾನಾಗಿ ಹೇಳಿಕೊಂಡ ಗುಣಮಟ್ಟದಲ್ಲಿನ ಕೊರತೆಯೂ ದೋಷವೇ. ಬಾಗಿಲ ಮೇಲಿನ ಸ್ಟಿಕ್ಕರು ಅಂಥ ಹೇಳಿಕೆ. ಸ್ಟೆಬಿಲೈಸರ್ ಬೇಡವೆಂದು ಹೇಳಿ ಮಾರಿದವರು ಕೆಟ್ಟ ಮೇಲೆ ಸ್ಟೆಬಿಲೈಸರ್ ಯಾಕೆ ಹಾಕಿಸಲಿಲ್ಲವೆಂದು ಕೇಳುವಂತಿಲ್ಲ. ಆ ದಿನ ವೋಲ್ಟೇಜು ಸ್ಟಿಕ್ಕರಿನ ಮಿತಿಯನ್ನು ಮೀರಿತ್ತೆಂದು ಅವರಿಗೆ ಅನ್ನಿಸಿದ್ದರೆ, ಯಾವ ಅಳತೆಯಿಂದ ಹಾಗೆ ಕಂಡುಕೊಂಡರೆಂಬುದನ್ನು ಅವರೇ ತೋರಿಸಬೇಕು. ನಮ್ಮ ಮನೆಗೆ ಬಂದವನು ಮೀಟರನ್ನು ಚೀಲದಿಂದ ಹೊರಗೆ ತೆಗೆದಿರಲೇ ಇಲ್ಲ.

‘ಹತ್ತು ವರ್ಷ ವಾರಂಟಿ’ ಎಂಬ ಇನ್ನೊಂದು ಸ್ಟಿಕ್ಕರಿನ ಬಗ್ಗೆಯೂ ಇಲ್ಲಿ ಹೇಳಿಬಿಡುತ್ತೇನೆ, ಏಕೆಂದರೆ ನಾನೂ ಅದನ್ನು ನೋಡಿಯೇ ಕೊಂಡವನು. ಆ ಹತ್ತು ವರ್ಷ ಕಂಪ್ರೆಸರಿಗೆ ಮಾತ್ರ. ಇಡೀ ಫ್ರಿಡ್ಜಿಗೆ ಇರುವುದು ಒಂದು ವರ್ಷ. ಆರನೆಯ ವರ್ಷ ಕಂಪ್ರೆಸರ್ ಕೆಟ್ಟರೆ ಅದನ್ನು ಪುಕ್ಕಟೆ ಕೊಟ್ಟರೂ, ಗ್ಯಾಸು ತುಂಬುವುದಕ್ಕೂ ಕೂಲಿಗೂ ಸಾಗಣೆಗೂ ದುಡ್ಡು ಕೇಳುವುದುಂಟು. ಅದೆಲ್ಲ ಕಾರ್ಡಿನ ಹಿಂಬದಿಯಲ್ಲಿ, ಸಾಸಿವೆ ಕಾಳಿನಷ್ಟು ಅಕ್ಷರದಲ್ಲಿ ಇರುತ್ತದೆ.

ಭಾನುವಾರವೇ ಸ್ಟಿಕ್ಕರು, ಜಾಬ್ ಶೀಟು, ಬಿಲ್ಲು ಮತ್ತು ಫ್ರಿಡ್ಜಿನೊಳಗಿನ ಸೀರಿಯಲ್ ನಂಬರಿನ ಫೋಟೊ ತೆಗೆದುಕೊಂಡೆ. ಬಿಲ್ಲಿನಲ್ಲಿರುವ ಸೀರಿಯಲ್ ನಂಬರು ವಸ್ತುವಿನ ಮೇಲಿನದಕ್ಕೆ ತಾಳೆಯಾಗುತ್ತದೆಯೇ ಎಂದು ಕೊಂಡ ದಿನವೇ ನೋಡಿಕೊಳ್ಳುವುದು ಒಳ್ಳೆಯದು. ಹಾಗೆಯೇ ನುಣುಪು ಕಾಗದದ ಸಣ್ಣ ಬಿಲ್ಲಾದರೆ ಒಂದು ಜೆರಾಕ್ಸ್ ಮಾಡಿಸಿಡಬೇಕು, ಏಕೆಂದರೆ ಅದರ ಅಕ್ಷರ ಸೆಖೆಗೆ ಮಾಸಿ, ಬೇಕಾದ ದಿನ ಬಿಳಿ ಚೀಟಿಯೊಂದೇ ಕೈಗೆ ಸಿಗುತ್ತದೆ. ನಮ್ಮ ಮನೆಯ ಮಿಕ್ಸಿಯ ಬಿಲ್ಲು ಹಾಗೆಯೇ ಆಯಿತು.

ನಂತರ ಕಂಪನಿಗೆ ಇಮೇಲ್ ಬರೆದೆ. ಜಗಳದ ಮಾತು ಒಂದೂ ಇರಲಿಲ್ಲ. ವಾರಂಟಿ ಅನ್ವಯಿಸುವುದಿಲ್ಲವೆಂದು ನಿಮ್ಮ ಪ್ರತಿನಿಧಿ ಬಾಯಿಮಾತಿನಲ್ಲಿ ತಿಳಿಸಿದ್ದಾರೆ, ಯಾವ ಷರತ್ತಿನ ಪ್ರಕಾರ, ಯಾವ ಪರೀಕ್ಷೆಯ ಆಧಾರದ ಮೇಲೆ ಎಂಬುದನ್ನು ಬರೆದುಕೊಡಿ ಎಂದು ಕೇಳಿದೆ. ವಾರಂಟಿಯ ಜಗಳದಲ್ಲಿ ಗ್ರಾಹಕನಿಗೆ ಇದಕ್ಕಿಂತ ಹೆಚ್ಚಿನ ಮಾತು ಬೇಕಿಲ್ಲವೆಂದು ನನಗೆ ಈಗ ಅನ್ನಿಸುತ್ತದೆ. ವೋಲ್ಟೇಜ್, ತೇವ, ಇಲಿ ಕಡಿತ, ಫಿಸಿಕಲ್ ಡ್ಯಾಮೇಜು, ಇವೆಲ್ಲ ಹೇಳಲು ಸುಲಭ. ಹೆಸರು, ದಿನಾಂಕ, ಸಹಿಯೊಂದಿಗೆ ಬರೆದುಕೊಟ್ಟರೆ ಮುಂದೊಂದು ದಿನ ರುಜುವಾತು ಮಾಡಬೇಕಾಗುತ್ತದೆ.

ಮೂರು ದಿನ ಉತ್ತರ ಬರಲಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಿದೆ. ಅದು ನ್ಯಾಯಾಲಯವಲ್ಲ, ದೂರನ್ನು ಕಂಪನಿಗೆ ತಲುಪಿಸಿ ಉತ್ತರ ಕೇಳುವ ವ್ಯವಸ್ಥೆ. ಅದರ ಜೊತೆಗೆ ಅಂಗಡಿಗೂ ಕಂಪನಿಗೂ ಹದಿನೈದು ದಿನಗಳ ಗಡುವು ಕೊಟ್ಟು ರಿಜಿಸ್ಟರ್ಡ್ ಪೋಸ್ಟಿನಲ್ಲಿ ನೋಟಿಸು ಕಳುಹಿಸಿದೆ. ಅಂಗಡಿಯವರು ಫೋನ್ ಮಾಡಿ, ಮಾರುವುದಷ್ಟೇ ನಮ್ಮ ಕೆಲಸ, ಬಿಲ್ಲಿನಲ್ಲಿ ‘ವ್ಯಾಜ್ಯಗಳೇನಿದ್ದರೂ ಬೆಂಗಳೂರಿನ ವ್ಯಾಪ್ತಿಗೆ ಮಾತ್ರ’ ಎಂದು ಅಚ್ಚಾಗಿರುವುದನ್ನು ನೋಡಿ ಎಂದರು. ಈ ಸಾಲಿಗೆ ಬಹಳ ಜನ ಹೆದರುತ್ತಾರೆ. ಹೊಸ ಕಾಯ್ದೆಯಲ್ಲಿ ಗ್ರಾಹಕನು ತಾನು ವಾಸಿಸುವ ಅಥವಾ ದುಡಿಯುವ ಜಾಗದ ಜಿಲ್ಲಾ ಗ್ರಾಹಕ ಆಯೋಗದಲ್ಲಿಯೇ ದೂರು ಹೂಡಬಹುದು. ಕೊಟ್ಟ ಬೆಲೆ 5 ಲಕ್ಷದವರೆಗೆ ಇದ್ದರೆ ಶುಲ್ಕವಿಲ್ಲ, ವಕೀಲರಿರಲೇಬೇಕೆಂಬ ನಿಯಮವಿಲ್ಲ, ದೂರಿನ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷ ಕಾಲಾವಕಾಶವಿದೆ. ಇ-ಜಾಗೃತಿ ಜಾಲತಾಣದ ಮೂಲಕ ಮನೆಯಿಂದಲೇ ಸಲ್ಲಿಸಲೂಬಹುದು. ಮೂರು ತಿಂಗಳಲ್ಲಿ, ವಸ್ತುವನ್ನು ಪ್ರಯೋಗಾಲಯಕ್ಕೆ ಕಳುಹಿಸಬೇಕಾದರೆ ಐದು ತಿಂಗಳಲ್ಲಿ ಇತ್ಯರ್ಥಪಡಿಸಲು ಯತ್ನಿಸಬೇಕೆಂದು ಕಾಯ್ದೆ ಹೇಳುತ್ತದೆ; ಅಲೆದವರನ್ನು ಕೇಳಿದರೆ ಅವರ ಲೆಕ್ಕ ಬೇರೆಯೇ ಇರುತ್ತದೆ.

ಮಂಡ್ಯದಲ್ಲಿ ಜೆರಾಕ್ಸ್ ಅಂಗಡಿ ಇಟ್ಟಿರುವ ನನ್ನ ಗೆಳೆಯ, ಅಂಗಡಿಗೆ ಕೊಂಡ ಯಂತ್ರವಾದ್ದರಿಂದ ತನಗೆ ಇದೆಲ್ಲ ಅನ್ವಯಿಸುವುದಿಲ್ಲವೆಂದು ನಂಬಿ ಕೆಟ್ಟ ಪ್ರಿಂಟರನ್ನು ಮೂಲೆಗೆ ಹಾಕಿದ್ದ. ವಾಣಿಜ್ಯ ಉದ್ದೇಶಕ್ಕೆ ಕೊಂಡವರು ಗ್ರಾಹಕರಲ್ಲವೆಂಬುದು ನಿಜ, ಆದರೆ ಸ್ವಯಂ ಉದ್ಯೋಗದಿಂದ ಹೊಟ್ಟೆ ಹೊರೆಯುವುದಕ್ಕಷ್ಟೇ ಕೊಂಡು ಬಳಸುವವರನ್ನು ಕಾಯ್ದೆ ಹೊರಗಿಟ್ಟಿಲ್ಲ. ಅವನೀಗ ಬಿಲ್ಲು ಹುಡುಕುತ್ತಿದ್ದಾನೆ.

ನೋಟಿಸು ತಲುಪಿದ ಹನ್ನೊಂದನೆಯ ದಿನ ಕಂಪನಿಯಿಂದ ಕರೆ ಬಂತು. ವೋಲ್ಟೇಜಿನ ಮಾತೇ ಇಲ್ಲ. ‘ವಿಶೇಷ ಪ್ರಕರಣವೆಂದು ಪರಿಗಣಿಸಿ’ ಬೋರ್ಡನ್ನು ಉಚಿತವಾಗಿ ಬದಲಿಸುತ್ತೇವೆ ಎಂದರು. ಹಕ್ಕನ್ನು ಉಪಕಾರದಂತೆ ಕೊಡುವ ಈ ಧಾಟಿ ನನಗೆ ಹಿಡಿಸಲಿಲ್ಲ, ಬದಲಿಸಿದ್ದು ವಾರಂಟಿಯ ಅಡಿಯಲ್ಲಿ ಎಂದೇ ಜಾಬ್ ಶೀಟಿನಲ್ಲಿ ನಮೂದಿಸಬೇಕೆಂದು ಹೇಳಿದೆ. ಮರುದಿನ ಅದೇ ಹುಡುಗ ಬಂದು ಬೋರ್ಡು ಹಾಕಿದ, ಹೇಳಿದಂತೆಯೇ ಬರೆದ. ಅಮ್ಮ ಈ ಸಲವೂ ಕಾಫಿ ಕೊಟ್ಟರು. ಅವನು ಓಟಿಪಿ ಕೇಳಿದಾಗ ಮಾತ್ರ ಮೊಬೈಲನ್ನು ಸೆರಗಿನಲ್ಲಿ ಸುತ್ತಿಕೊಂಡು, ‘ಐಸ್ ಕಟ್ಲಿ ಕಣಪ್ಪ, ನಾಳಿಕ್ಕೆ ಫೋನ್ ಮಾಡು, ನಂಬರ್ ಏಳ್ತೀನಿ’ ಎಂದರಂತೆ.