ಗಂಜಿ ಕುಡಿಸಿ ಅವ್ವನ ಕಾಲಿನ ಕಸುವು ಕಳೆದೆವು

ಹೋದ ಆಗಸ್ಟಿನಲ್ಲಿ ನಮ್ಮವ್ವನಿಗೆ ನ್ಯುಮೋನಿಯಾ ಆಯ್ತು. ವಯಸ್ಸು 74. ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದಳು. ಜ್ವರ ಬಿಟ್ಟಿತು, ಕೆಮ್ಮು ಇಳಿಯಿತು, ಎಕ್ಸ್‌ರೇ ಚೆನ್ನಾಗಿ ಬಂತು. ಖುಷಿಯಿಂದಲೇ ಮನೆಗೆ ಕರೆದುಕೊಂಡು ಬಂದೆವು. ಮಾರನೇ ದಿನ ಬೆಳಿಗ್ಗೆ ಕಮೋಡಿನ ಮೇಲೆ ಕೂತವಳಿಗೆ ಏಳಲು ಆಗಲಿಲ್ಲ. ಕೂಗಿದಳು. ಹೋಗಿ ನೋಡಿದರೆ ಗೋಡೆಗೆ ಕೈ ಕೊಟ್ಟು ಅಳುತ್ತಿದ್ದಳು. "ಈ ಕಾಲು ನಂದೇ ಅಲ್ವೇನೋ ಅನ್ನಂಗೆ ಆಗೈತೆ ಕಣವ್ವ" ಅಂದಳು.

ಆಸ್ಪತ್ರೆಗೆ ಹೋಗುವ ಹಿಂದಿನ ವಾರ ಇದೇ ಅವ್ವ ಹಿತ್ತಲಲ್ಲಿ ಕುಕ್ಕರಗಾಲಲ್ಲಿ ಕೂತು ಕಳೆ ಕೀಳುತ್ತಿದ್ದಳು. ಅವತ್ತು ಸ್ನಾನ ಮಾಡಿಸುವಾಗ ಮೀನಖಂಡ ಮುಟ್ಟಿದೆ. ಕೈಗೆ ಬರೀ ಚರ್ಮ ಸಿಕ್ಕಿತು. ರವಿಕೆ ತೋಳಿನಲ್ಲಿ ಎರಡು ಬೆರಳು ಹೋಗುವಷ್ಟು ಜಾಗ ಇತ್ತು.

ಎಲ್ಲಿ ತಪ್ಪಿದೆವು ಅಂತ ತುಂಬಾ ದಿನ ಯೋಚಿಸಿದ್ದೇನೆ. ನಾವು ಅವ್ವನನ್ನು ಚೆನ್ನಾಗಿ ನೋಡಿಕೊಂಡೆವು. ಒಂದು ರಾತ್ರಿಯೂ ಒಬ್ಬಳನ್ನೇ ಬಿಡಲಿಲ್ಲ. ಆದರೆ ತಿನ್ನಿಸಿದ್ದು ಏನು? ಬೆಳಿಗ್ಗೆ ಕಾಫಿ, ಎರಡು ರಸ್ಕು. ಮಧ್ಯಾಹ್ನ ಅಕ್ಕಿ ಗಂಜಿ. ಸಂಜೆ ಎಳನೀರು. ರಾತ್ರಿ ಮೆತ್ತಗೆ ಮಾಡಿದ ಅನ್ನ, ತಿಳಿ ಸಾರು, ಒಂದಿಷ್ಟು ಮಜ್ಜಿಗೆ. ನೋಡಲು ಬಂದವರೆಲ್ಲ ಬ್ರೆಡ್ಡು, ಬಿಸ್ಕತ್ತು, ಮೂಸಂಬಿ ತಂದರು. "ಮುದ್ದೆ ಗಿದ್ದೆ ಕೊಡಬೇಡಿ, ಹಗುರವಾಗಿರಲಿ" ಅಂತ ಎಲ್ಲರೂ ಹೇಳಿದರು. ಮನೆಗೆ ಬಂದ ಮೇಲೆ ಲೆಕ್ಕ ಹಾಕಿದೆ. ಅಷ್ಟರಲ್ಲಿ ಇದ್ದ ಪ್ರೋಟೀನ್ ಸುಮಾರು 15 ಗ್ರಾಂ. ಅವ್ವನ ತೂಕ 48 ಕೆಜಿ. ಕಾಯಿಲೆ ಬಿದ್ದ ಹಿರಿಯರಿಗೆ ಕೆಜಿಗೆ ದಿನಕ್ಕೆ 1.2ರಿಂದ 1.5 ಗ್ರಾಂ ಬೇಕು ಅಂತ ಈ ವಿಷಯ ಬಲ್ಲ ವೈದ್ಯರ ತಂಡಗಳು ಹೇಳುತ್ತವೆ. ಕಡಿಮೆ ಲೆಕ್ಕ ಹಿಡಿದರೂ ಅವಳಿಗೆ 58 ಗ್ರಾಂ ಬೇಕಿತ್ತು. ನಾವು ಕೊಟ್ಟಿದ್ದು ಅದರ ಕಾಲು ಭಾಗ.

"ಡ್ರಿಪ್ ಹಾಕಿದ್ದಾರಲ್ಲ, ಶಕ್ತಿ ಬರುತ್ತೆ" ಅನ್ನುವ ನಂಬಿಕೆ ನನಗೂ ಇತ್ತು. ನಮ್ಮ ಕಡೆ ಸುಸ್ತು ಅಂದರೆ ಸಾಕು, ಒಂದು ಬಾಟಲಿ ಗ್ಲೂಕೋಸ್ ಹಾಕಿಸಿಕೊಂಡು ಬರುತ್ತಾರೆ. ಆ ಅರ್ಧ ಲೀಟರ್ ಬಾಟಲಿಯಲ್ಲಿ, ಅದು 5 ಪರ್ಸೆಂಟಿನದ್ದಾದರೆ, ಇರುವುದು 25 ಗ್ರಾಂ ಸಕ್ಕರೆ. ಐದಾರು ಚಮಚ. ನೂರು ಕ್ಯಾಲೊರಿಯೂ ದಾಟುವುದಿಲ್ಲ. ಪ್ರೋಟೀನ್ ಸೊನ್ನೆ. ಮೈಯಲ್ಲಿ ನೀರು ಕಡಿಮೆಯಾದಾಗ ಡ್ರಿಪ್ ಜೀವ ಉಳಿಸುತ್ತದೆ, ನಿಜ. ಆದರೆ ಅದು ಊಟ ಅಲ್ಲ.

ಕೊಬ್ಬನ್ನು ಕೂಡಿಡಲು ಮೈಯಲ್ಲಿ ಜಾಗ ಇದೆ. ಪ್ರೋಟೀನಿಗೆ ಅಂತ ಬೇರೆ ಉಗ್ರಾಣ ಇಲ್ಲ. ದೊಡ್ಡ ಪಾಲು ಇರುವುದು ಸ್ನಾಯುಗಳಲ್ಲೇ. ಜ್ವರ, ಸೋಂಕು ಬಂದಾಗ ದೇಹ ರೋಗದ ಜೊತೆ ಹೊಡೆದಾಡಲು ಬೇಕಾದ್ದನ್ನು ಅಲ್ಲಿಂದಲೇ ಕಿತ್ತು ಕೊಡುತ್ತದೆ. ಊಟದಿಂದ ಬರದಿದ್ದರೆ ತೊಡೆಯಿಂದ ಹೋಗುತ್ತದೆ. ಅದರ ಮೇಲೆ, ವಯಸ್ಸಾದವರ ಸ್ನಾಯು ತಿಂದ ಪ್ರೋಟೀನಿಗೆ ಬೇಗ ಸ್ಪಂದಿಸುವುದಿಲ್ಲ. ಹುಡುಗರಿಗೆ ಒಂದು ಹೊತ್ತಿಗೆ ಸಾಕಾಗುವ ಪ್ರೋಟೀನ್ ಅವರಿಗೆ ಸಾಲುವುದಿಲ್ಲ. ಅಂದರೆ ಹಿರಿಯರಿಗೆ ಜಾಸ್ತಿ ಬೇಕು. ನಾವು ಮಾಡುವುದು ಉಲ್ಟಾ. ವಯಸ್ಸಾಯ್ತು ಅಂತ ಕಡಿಮೆ ಮಾಡುತ್ತಾ ಹೋಗುತ್ತೇವೆ.

ಇನ್ನು ಹಾಸಿಗೆ. 2007ರಲ್ಲಿ ಅಮೆರಿಕದಲ್ಲಿ ಒಂದು ಅಧ್ಯಯನ ಬಂತು. ಆರೋಗ್ಯವಾಗಿದ್ದ 12 ಜನ ಹಿರಿಯರು, ಸರಾಸರಿ ವಯಸ್ಸು 67. ಕಾಯಿಲೆ ಇಲ್ಲ, ಊಟಕ್ಕೂ ಕೊರತೆ ಇಲ್ಲ. ಹತ್ತು ದಿನ ಸುಮ್ನೆ ಮಲಗಿಸಿದರು, ಅಷ್ಟೇ. ಅವರ ಕಾಲುಗಳಿಂದ ಹೋದ ಮಾಂಸ ಹೆಚ್ಚುಕಡಿಮೆ ಒಂದು ಕೆಜಿ. ನಮ್ಮವ್ವ ಮಲಗಿದ್ದು ಹನ್ನೊಂದು ದಿನ, ಅದೂ ಜ್ವರದಲ್ಲಿ, ಗಂಜಿ ಕುಡಿದುಕೊಂಡು. ಎದ್ದು ಕೂರುತ್ತೇನೆ ಅಂದಾಗಲೆಲ್ಲ ನಾನೇ "ಸುಮ್ನೆ ಮಲ್ಕೋ, ಬಿದ್ದುಬಿಟ್ಟೀಯ" ಅಂತ ಗದರುತ್ತಿದ್ದೆ. ಆ ಮಾತು ನೆನಪಾದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಹೀಗೆ ಸ್ನಾಯು ಕರಗಿ ಬಲ ಕುಂದುವುದಕ್ಕೆ ವೈದ್ಯರು ಸಾರ್ಕೋಪೀನಿಯಾ ಅನ್ನುತ್ತಾರೆ. ಈ ಹೆಸರು ಬಂದಿದ್ದು 1989ರಲ್ಲಿ, ಇಟ್ಟವರು ಇರ್ವಿನ್ ರೋಸೆನ್‌ಬರ್ಗ್ ಅನ್ನುವ ವಿಜ್ಞಾನಿ. ಅಮೆರಿಕದಲ್ಲೇ ಅದಕ್ಕೆ ಕಾಯಿಲೆಗಳ ಪಟ್ಟಿಯಲ್ಲಿ ಸ್ವಂತ ನಂಬರ್ ಸಿಕ್ಕಿದ್ದು 2016ರಲ್ಲಿ. ನಮ್ಮಲ್ಲಿ "ಸೊರಗಿಬಿಟ್ಟರು" ಅನ್ನುತ್ತೇವೆ, "ವಯಸ್ಸಾಯ್ತಲ್ಲ" ಅಂತ ಸುಮ್ಮನಾಗುತ್ತೇವೆ. ಅವ್ವನ ಡಿಸ್ಚಾರ್ಜ್ ಚೀಟಿಯಲ್ಲಿ ಏಳು ಮಾತ್ರೆ ಇತ್ತು, ಯಾವುದು ಊಟಕ್ಕೆ ಮುಂಚೆ, ಯಾವುದು ಆಮೇಲೆ ಅಂತ ನೀಟಾಗಿ ಬರೆದಿದ್ದರು. ಊಟದ ಬಗ್ಗೆ ಇದ್ದಿದ್ದು ಎರಡೇ ಪದ, ಲಘು ಆಹಾರ. ಹನ್ನೊಂದು ದಿನದಲ್ಲಿ ಯಾರೂ ತೂಕ ನೋಡಲಿಲ್ಲ. ನಾವೂ ಕೇಳಲಿಲ್ಲ.

"ವಯಸ್ಸಾಯ್ತಲ್ಲ" ಅನ್ನುವ ಮಾತನ್ನು ನಾನು ಈಗ ಒಪ್ಪುವುದಿಲ್ಲ. 1990ರಲ್ಲಿ ಬಾಸ್ಟನ್ನಿನ ಒಂದು ವೃದ್ಧರ ಆರೈಕೆ ಕೇಂದ್ರದಲ್ಲಿ ಮರಿಯಾ ಫಿಯಟರೋನ್ ಅನ್ನುವ ವೈದ್ಯೆ 90ರ ಆಸುಪಾಸಿನ ಹತ್ತು ಜನರಿಗೆ ಕಾಲಿನಿಂದ ಭಾರ ಎತ್ತಿಸಿದರು. ಎಂಟು ವಾರ. ಕೊನೆತನಕ ಮಾಡಿದವರ ಕಾಲಿನ ಶಕ್ತಿ ಸರಾಸರಿ 174 ಪರ್ಸೆಂಟ್ ಹೆಚ್ಚಿತು. ನಾಲ್ಕು ವರ್ಷ ಬಿಟ್ಟು 100 ಜನರ ಮೇಲೆ ಮತ್ತೆ ನೋಡಿದರು. ವ್ಯಾಯಾಮ ಮಾಡಿದವರಿಗೆ ಬಲ ಬಂತು. ವ್ಯಾಯಾಮ ಇಲ್ಲದೆ ಬರೀ ಪೌಷ್ಟಿಕ ಪಾನೀಯ ಕುಡಿದವರಿಗೆ ಬಲ ಬರಲಿಲ್ಲ. ದುಬಾರಿ ಪ್ರೋಟೀನ್ ಪುಡಿ ಡಬ್ಬ ತಂದು ಹಾಲಿಗೆ ಕಲಸಿ ಕೊಟ್ಟು ಮತ್ತೆ ಮಲಗಿಸುವ ಮನೆಗಳನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ತಿನ್ನಿಸಲೂ ಬೇಕು, ಎಬ್ಬಿಸಲೂ ಬೇಕು.

ನಮಗೆ ದಾರಿ ತೋರಿಸಿದ್ದು ಒಬ್ಬ ಫಿಸಿಯೋಥೆರಪಿಸ್ಟ್ ಹುಡುಗಿ. ಕುರ್ಚಿಯನ್ನು ಗೋಡೆಗೆ ಒತ್ತಿಟ್ಟು, ಎರಡು ಕೈ ಎದೆ ಮೇಲೆ ಇಟ್ಟುಕೊಂಡು ಐದು ಸಲ ಎದ್ದು ಕೂರಿ ಅಂದಳು. ಏಷ್ಯಾದವರಿಗಾಗಿ ಮಾಡಿದ ಲೆಕ್ಕದಲ್ಲಿ ಇದಕ್ಕೆ 12 ಸೆಕೆಂಡ್ ಅಥವಾ ಅದಕ್ಕಿಂತ ಜಾಸ್ತಿ ಹಿಡಿದರೆ ಸ್ನಾಯು ಸೊರಗಿದೆಯೇನೋ ಅಂತ ಅನುಮಾನ ಪಡಬೇಕು. ಅವ್ವನಿಗೆ ಒಂದು ಸಲವೂ ಏಳಲು ಆಗಲಿಲ್ಲ. ಆಮೇಲೆ ಟೈಲರ್ ಟೇಪಿನಲ್ಲಿ ಮೀನಖಂಡ ಅಳೆದಳು. ಹೆಂಗಸರಿಗೆ 33 ಸೆಂಟಿಮೀಟರಿಗಿಂತ ಕಡಿಮೆ ಇರಬಾರದಂತೆ, ಗಂಡಸರಿಗೆ 34. ಅವ್ವನದು 27.

ಕುರ್ಚಿ ಮೇಲೆ ಎರಡು ದಿಂಬು ಹಾಕಿ ಎತ್ತರ ಮಾಡಿ ಶುರು ಮಾಡಿದೆವು. ದಿನಕ್ಕೆ ಮೂರು ಹೊತ್ತು, ಹೊತ್ತಿಗೆ ಐದು ಸಲ. ಎರಡು ವಾರಕ್ಕೆ ಒಂದು ದಿಂಬು ತೆಗೆದೆವು. ಊಟದ್ದೇ ದೊಡ್ಡ ಗಲಾಟೆ. "ಬ್ಯಾಡ ಕಣವ್ವ, ಹೊಟ್ಟೆ ಭಾರ ಆಗ್ತೈತೆ" ಅನ್ನುವಳು. ಬಲವಂತ ಮಾಡಿ ಪ್ರಯೋಜನ ಇಲ್ಲ. ಒಂದೇ ಸಲ ಬೇಡ ಅಂತ ಐದು ಹೊತ್ತಿಗೆ ಹಂಚಿದೆ. ರಾಗಿ ಗಂಜಿಯನ್ನು ನೀರಿನಲ್ಲಿ ಮಾಡುವುದು ಬಿಟ್ಟು ಹಾಲಿನಲ್ಲಿ ಮಾಡಿದೆ. ಅದಕ್ಕೆ ಎರಡು ಚಮಚ ಹುರಿಗಡಲೆ ಪುಡಿ. ಅಕ್ಕಿ ದೋಸೆ ಬದಲು ಹೆಸರುಕಾಳಿನ ದೋಸೆ. ಸಾರಿನ ತಿಳಿ ಬಿಟ್ಟು ತಳದ ಬೇಳೆ ಬಡಿಸಿದೆ. ಮುದ್ದೆ ವಾಪಸ್ ಬಂತು, ಜೊತೆಗೆ ರುಬ್ಬಿ ಮಾಡಿದ ಹುರುಳಿ ಸಾರು. ದಿನಕ್ಕೆ ಎರಡು ಮೊಟ್ಟೆ, ಒಂದೊಂದರಲ್ಲಿ 6 ಗ್ರಾಂ ಪ್ರೋಟೀನ್ ಇರುತ್ತದೆ. ಸೋಮವಾರ, ಶನಿವಾರ ಅವ್ವ ಮೊಟ್ಟೆ ಮುಟ್ಟುವುದಿಲ್ಲ. ಆ ದಿನ ಗಟ್ಟಿ ಮೊಸರು, ಕಡಲೆಕಾಯಿ ಚಟ್ನಿ, ಪನೀರು. ಹಲ್ಲು ಸೆಟ್ ಸಡಿಲ ಆಗಿದೆ ಅನ್ನುವುದು ಗೊತ್ತಾಗಿದ್ದೂ ಆಗಲೇ. ಅಗಿಯಲು ಆಗದ್ದಕ್ಕೇ ಕಾಳು ಪಲ್ಯ ಬೇಡ ಅನ್ನುತ್ತಿದ್ದಳಂತೆ. ನಾವು ಹಸಿವಿಲ್ಲ ಅಂದುಕೊಂಡಿದ್ದೆವು.

ಒಂದು ಮಾತು ಮರೆಯಬೇಡಿ. ಕಿಡ್ನಿ ತೊಂದರೆ ಇರುವವರಿಗೆ ಪ್ರೋಟೀನ್ ಲೆಕ್ಕ ಬೇರೆ. ಡಾಕ್ಟರನ್ನು ಕೇಳದೆ ಹೆಚ್ಚಿಸಬೇಡಿ. ನಾವೂ ರಕ್ತ ಪರೀಕ್ಷೆ ಮಾಡಿಸಿ, ಕಿಡ್ನಿ ಹೇಗಿದೆ ಅಂತ ತೋರಿಸುವ ಕ್ರಿಯಾಟಿನಿನ್ ಸರಿ ಇದೆ ಅಂತ ಖಾತ್ರಿ ಆದ ಮೇಲೇ ಶುರು ಮಾಡಿದ್ದು.

ಈಗ ನಾಲ್ಕು ತಿಂಗಳಾಗಿದೆ. ಅವ್ವ ಐದು ಸಲ ಎದ್ದು ಕೂರಲು 16 ಸೆಕೆಂಡ್ ತೆಗೆದುಕೊಳ್ಳುತ್ತಾಳೆ. ಕೋಲು ಬಿಟ್ಟಿಲ್ಲ, ಕುಕ್ಕರಗಾಲಲ್ಲಿ ಕೂರಲು ಇನ್ನೂ ಆಗುವುದಿಲ್ಲ. ಬಚ್ಚಲಿಗೆ ಮಾತ್ರ ಒಬ್ಬಳೇ ಹೋಗಿ ಬರುತ್ತಾಳೆ, ಬಾಗಿಲು ಹಾಕಿಕೊಂಡು. ಹೆಸರುಕಾಳು ದೋಸೆ ತಿಂದು ತಿಂದು ಬೇಜಾರಾಗಿದೆ ಅಂತ ನಿನ್ನೆ ತಟ್ಟೆ ತಳ್ಳಿದಳು. ನಿಮ್ಮ ಮನೆಗಳಲ್ಲಿ ಹಲ್ಲಿಲ್ಲದ ಅಜ್ಜ ಅಜ್ಜಿಯರಿಗೆ ಕಾಳು, ಬೇಳೆ, ಮೊಟ್ಟೆಯಲ್ಲಿ ಮೆತ್ತಗೆ ಏನು ಮಾಡಿಕೊಡುತ್ತೀರಿ? ಗೊತ್ತಿದ್ದವರು ಬರೆಯಿರಿ, ನಾಳೆಯಿಂದಲೇ ಮಾಡುತ್ತೇನೆ.