ಮೆಟ್ಟಿಲಿನ ಅಂಚಿಗೆ ಹಳದಿ ಪಟ್ಟಿ ಯಾಕೆ ಹಾಕಿಸಿದೆ ಅಂದರೆ

ನಮ್ಮ ಮನೆಗೆ ಬಂದವರೆಲ್ಲ ಈಗ ಒಂದೇ ಮಾತು ಹೇಳುತ್ತಾರೆ. "ಏನ್ರೀ ಇದು, ಒಳ್ಳೇ ಕರೀ ಗ್ರಾನೈಟ್ ಹಾಕಿಸಿ ಅದರ ಮೇಲೆ ಬಸ್ ಸ್ಟ್ಯಾಂಡ್ ತರ ಹಳದಿ ಪಟ್ಟಿ ಬಡಿಸಿದ್ದೀರಲ್ಲ?" ಒಬ್ಬೊಬ್ಬರಿಗೂ ಬಿಡಿಸಿ ಹೇಳಿ ಸಾಕಾಗಿದೆ. ಇಲ್ಲಿ ಒಂದೇ ಸಲ ಬರೆದುಬಿಡುತ್ತೇನೆ. ಇನ್ಮೇಲೆ ಕೇಳಿದವರಿಗೆ ಲಿಂಕ್ ಕಳಿಸುತ್ತೇನೆ.

ನಾಲ್ಕು ವರ್ಷದ ಹಿಂದೆ ತುಮಕೂರಲ್ಲಿ ಮನೆ ಕಟ್ಟಿದೆವು. ಮೆಟ್ಟಿಲಿನ ಕಲ್ಲು ಆರಿಸಿದ್ದು ನಾನೇ. ಅಂಗಡಿ ಮುಂದೆ ಬಿಸಿಲಿಗೆ ನಿಲ್ಲಿಸಿದ್ದ ಕರೀ ಚಪ್ಪಡಿಯಲ್ಲಿ ನನ್ನ ಮುಖ ಕಾಣುತ್ತಿತ್ತು. ಅಷ್ಟಕ್ಕೇ ಮರುಳಾದೆ. ಅಂಚಿಗೆ ಏನು ಮಾಡಿಸ್ತೀರ ಅಂತ ಕೇಳಿದರು. ಹಾಫ್ ರೌಂಡ್, ಫುಲ್ ರೌಂಡ್, ಡಬಲ್ ಮೋಲ್ಡಿಂಗ್ ಅಂತ ಸ್ಯಾಂಪಲ್ ತುಂಡುಗಳನ್ನು ಕೈಗೆ ಕೊಟ್ಟರು. ಸವರಿ ನೋಡಿದೆ. ಫುಲ್ ರೌಂಡ್ ಬೆಣ್ಣೆ ಹಾಗಿತ್ತು. ಅದೇ ಇರಲಿ ಅಂದೆ. ಮೆಟ್ಟಿಲನ್ನು ಯಾರಾದರೂ ಕೈಯಲ್ಲಿ ಸವರುತ್ತಾ ಹತ್ತುತ್ತಾರಾ ಅಂತ ಆಗ ತಲೆಗೆ ಹೊಳೆಯಲಿಲ್ಲ.

ಹೋದ ವರ್ಷ ಆಷಾಢದಲ್ಲಿ ಒಂದು ಸಂಜೆ ಅಮ್ಮ ಮಹಡಿಯಿಂದ ಒಣಗಿದ ಬಟ್ಟೆ ತರುತ್ತಿದ್ದಳು. ದೀಪ ಹಚ್ಚುವ ಹೊತ್ತು, ಇನ್ನೂ ಲೈಟ್ ಹಾಕಿರಲಿಲ್ಲ. ಕೆಳಗಿನ ಪ್ಯಾಸೇಜಿಗೂ ಅದೇ ಕರೀ ಕಲ್ಲು. ಮೆಟ್ಟಿಲು ಮುಗಿಯಿತು ಅಂದುಕೊಂಡು ಕಾಲಿಟ್ಟಳು. ಇನ್ನೂ ಒಂದು ಬಾಕಿ ಇತ್ತು. ಬಲಗೈ ಊರಿ ಬಿದ್ದಳು, ಮಣಿಕಟ್ಟಿನ ಮೂಳೆ ಮುರಿಯಿತು. ಆರು ವಾರ ಪ್ಲಾಸ್ಟರ್. ಅಷ್ಟು ದಿನ ಎಡಗೈಯಲ್ಲಿ ಅನ್ನ ತಿನ್ನಬೇಕಾಗಿ ಬಂದಿದ್ದೇ ಅವಳಿಗೆ ಮೂಳೆ ನೋವಿಗಿಂತ ದೊಡ್ಡ ಸಂಕಟ ಆಗಿತ್ತು.

ಪ್ಲಾಸ್ಟರ್ ಬಿಚ್ಚಿದ ಮೇಲೆ ಅವಳು ಇಳಿಯುವುದನ್ನು ಕೆಳಗೆ ನಿಂತು ನೋಡಿದೆ. ಗೋಡೆಗೆ ಅಂಗೈ ಒತ್ತಿಕೊಂಡು ಬಲಗಾಲನ್ನು ಮುಂದಕ್ಕೆ ಜಾರಿಸುತ್ತಾಳೆ. ಹೆಬ್ಬೆರಳು ಅಂಚಿನ ಆಚೆ ಗಾಳಿಗೆ ಸಿಕ್ಕಾಗ ಒಂದು ಕ್ಷಣ ನಿಲ್ಲುತ್ತಾಳೆ. ಆಮೇಲೆ ಕಾಲು ಕೆಳಗಿಡುತ್ತಾಳೆ. ಮತ್ತೆ ಅದೇ. ಹದಿನಾರು ಮೆಟ್ಟಿಲೂ ಹಾಗೇ. ಕಣ್ಣಲ್ಲಿ ಕಾಣದ ಅಂಚನ್ನು ಹೆಬ್ಬೆರಳಲ್ಲಿ ಹುಡುಕುತ್ತಿದ್ದಳು. ಬೀಳುವುದಕ್ಕೂ ಮುಂಚಿನಿಂದ ಹೀಗೇ ಇಳಿಯುತ್ತಿದ್ದಳಂತೆ. ನಾನು ನೋಡಿರಲಿಲ್ಲ ಅಷ್ಟೇ.

ನಾನೂ ಮೇಲೆ ಹೋಗಿ ನಿಂತು ಕೆಳಗೆ ನೋಡಿದೆ. ಹತ್ತುವಾಗ ಪ್ರತಿ ಮೆಟ್ಟಿಲಿನ ಮುಖ ಎದುರಿಗೇ ಕಾಣುತ್ತದೆ. ಇಳಿಯುವಾಗ ಆ ಮುಖ, ಅಂದರೆ ರೈಸರ್, ಕಾಣುವುದೇ ಇಲ್ಲ. ಒಂದರ ಹಿಂದೆ ಒಂದು ಟ್ರೆಡ್, ಅಂದರೆ ಕಾಲಿಡುವ ಜಾಗ, ಮಾತ್ರ. ಎಲ್ಲಾ ಒಂದೇ ಬಣ್ಣ ಆದರೆ ಕಂಬಳಿ ಹಾಸಿದ ಹಾಗೆ ಒಂದೇ ಹಾಳೆ. ಅಮ್ಮನಿಗೆ ಎಪ್ಪತ್ತೊಂದು. ಒಂದು ಕಣ್ಣಿಗೆ ಪೊರೆ ಆಪರೇಷನ್ ಆಗಿದೆ, ಇನ್ನೊಂದು ಬಾಕಿ. ಪೊರೆ ಬಂದ ಕಣ್ಣಿಗೆ ಕಪ್ಪಿಗೂ ಕಂದಿಗೂ ವ್ಯತ್ಯಾಸ ಸಿಗುವುದು ಕಷ್ಟ. ಸಾಲದ್ದಕ್ಕೆ ಬೈಫೋಕಲ್ ಕನ್ನಡಕ. ಅದರ ಕೆಳಗಿನ ಅರ್ಧ ಪೇಪರ್ ಓದುವುದಕ್ಕೆ, ಮೆಟ್ಟಿಲು ನೋಡುವುದಕ್ಕಲ್ಲ. ತಲೆ ಬಗ್ಗಿಸದೆ ಕಣ್ಣು ಮಾತ್ರ ಕೆಳಗೆ ಹಾಯಿಸಿದರೆ ಆ ಗಾಜಿನಲ್ಲೇ ನೋಡಬೇಕು. ಮೆಟ್ಟಿಲು ಮಸುಕು.

ನಿಮ್ಮ ಮನೆ ಮೆಟ್ಟಿಲು ಹೇಗಿದೆ ಅಂತ ತಿಳಿಯಬೇಕಾದರೆ ಸುಮ್ನೆ ಒಂದು ಕೆಲಸ ಮಾಡಿ. ಮೇಲಿನ ಮೆಟ್ಟಿಲಲ್ಲಿ ನಿಂತು ಮೊಬೈಲಲ್ಲಿ ಕೆಳಮುಖವಾಗಿ ಫೋಟೋ ತೆಗೆಯಿರಿ. ಅದನ್ನು ಬ್ಲ್ಯಾಕ್ ಅಂಡ್ ವೈಟ್ ಮಾಡಿ. ಮೆಟ್ಟಿಲು ಎಣಿಸಿ. ನನ್ನ ಫೋಟೋದಲ್ಲಿ ನಾಲ್ಕು ಸಿಕ್ಕವು.

ಮೊದಲು ನಾನು ಮಾಡಿದ್ದು ಸೋಮಾರಿ ಕೆಲಸ. ಮರಳು ಕಾಗದದ ತರ ಇರುವ ಆಂಟಿ ಸ್ಕಿಡ್ ಟೇಪ್ ಆನ್‌ಲೈನಲ್ಲಿ ತರಿಸಿದೆ. ಅದೂ ಕರೀದು! ಕಾಲು ಹಿಡಿಯುತ್ತದೆ ನಿಜ, ಕಣ್ಣಿಗೆ ಕಾಣಬೇಕಲ್ಲ. ಎರಡೇ ತಿಂಗಳಲ್ಲಿ ತುದಿ ಮೇಲಕ್ಕೆದ್ದು ಕಸಬರಿಕೆಗೆ ಸಿಕ್ಕಿಹಾಕಿಕೊಳ್ಳತೊಡಗಿತು. ನಮ್ಮ ಮನೆಗಳಲ್ಲಿ ನೀರು ಸುರಿದು ತೊಳೆಯುವ ಅಭ್ಯಾಸ ಇದೆಯಲ್ಲ, ಅದಕ್ಕೆ ಈ ಟೇಪು ಬಾಳುವುದಿಲ್ಲ. ಹಿತ್ತಾಳೆ ಪಟ್ಟಿ ಹಾಕಿಸಿ, ದೇವರ ಮನೆ ಬಾಗಿಲ ಹಾಗೆ ಚೆನ್ನಾಗಿ ಕಾಣುತ್ತೆ ಅಂದ ಭಾವಮೈದ. ಒಂದು ಮೆಟ್ಟಿಲಿಗೆ ಹಾಕಿ ನೋಡಿದೆವು. ಬಲ್ಬಿನ ಬೆಳಕಿಗೆ ಹಿತ್ತಾಳೆಯೂ ಹೊಳೆಯುತ್ತೆ, ಪಾಲಿಶ್ ಕಲ್ಲೂ ಹೊಳೆಯುತ್ತೆ. ಎರಡೂ ಹೊಳೆದರೆ ಅಂಚು ಯಾವುದು? ಒದ್ದೆ ಕಾಲಿಗೆ ಅದು ಕಲ್ಲಿಗಿಂತ ಜಾಸ್ತಿ ಜಾರುತ್ತಿತ್ತು.

ಕೊನೆಗೆ ಹಾಕಿಸಿದ್ದು ಅಲ್ಯೂಮಿನಿಯಂ ನೋಸಿಂಗ್, ಅಂದರೆ ಮೆಟ್ಟಿಲಿನ ಅಂಚಿಗೆ ಕೂರಿಸುವ ಪಟ್ಟಿ. ಎಲ್ ಆಕಾರದ ಪಟ್ಟಿ, ಮೇಲ್ಭಾಗದಲ್ಲಿ ತರಿತರಿಯಾದ ಹಳದಿ ಇನ್ಸರ್ಟ್. ಮೂರೂವರೆ ಅಡಿ ಅಗಲದ ಹದಿನಾರು ಮೆಟ್ಟಿಲು, ಒಟ್ಟು 56 ರನ್ನಿಂಗ್ ಫೂಟ್. ದುಂಡಗಿದ್ದ ಅಂಚಿನ ಮೇಲೆ ಎಲ್ ಪಟ್ಟಿ ಕೂರುವುದಿಲ್ಲ. ಆ ಮೋಲ್ಡಿಂಗನ್ನು ಕತ್ತರಿಸಿ ಚೌಕ ಮಾಡಬೇಕಾಯಿತು. ದುಡ್ಡು ಕೊಟ್ಟು ದುಂಡಗೆ ಮಾಡಿಸಿದ್ದೆ, ಮತ್ತೆ ದುಡ್ಡು ಕೊಟ್ಟು ತೆಗೆಸಿದೆ. ಒಂದು ರೀತಿ ಒಳ್ಳೆಯದೇ ಆಯಿತು. ಫುಲ್ ರೌಂಡ್ ಅಂಚಿನಲ್ಲಿ ಮುಂದಿನ ಒಂದಷ್ಟು ಜಾಗ ಇಳಿಜಾರು. ಇಳಿಯುವಾಗ ಮೈಭಾರವೆಲ್ಲ ಬೀಳುವುದು ಪಾದದ ಮುಂಭಾಗದ ಮೇಲೆ, ಸರಿಯಾಗಿ ಆ ಅಂಚಿನ ಹತ್ತಿರವೇ.

ಕೆಲಸದವನಿಗೂ ನನಗೂ ಜಟಾಪಟಿ ಆಗಿದ್ದು ಎರಡು ವಿಷಯಕ್ಕೆ. ಒಂದು, ಪಟ್ಟಿಯನ್ನು ಕಲ್ಲಿನ ಮೇಲೆಯೇ ಗಮ್ ಹಾಕಿ ಕೂರಿಸುತ್ತೇನೆ ಅಂದ. ಕಲ್ಲಿನಿಂದ ನಾಲ್ಕು ಮಿಲಿಮೀಟರ್ ಮೇಲೆದ್ದರೂ ಸಾಕು, ಕಾಲು ಎಳೆದು ನಡೆಯುವವರಿಗೆ ಅದೇ ಎಡವುಗಲ್ಲು. ಕಲ್ಲು ಕೊರೆದು ಸಮಕ್ಕೆ ಇಳಿಸಿ ಸ್ಕ್ರೂ ಹಾಕು ಅಂದೆ. ಗೊಣಗಿಕೊಂಡೇ ಮಾಡಿದ. ಇನ್ನೊಂದು, ಅಂಚಿನಿಂದ ಎರಡು ಇಂಚು ಒಳಗೆ ಹಾಕಿದರೆ ಲುಕ್ ಬರುತ್ತೆ ಸಾರ್ ಅಂದ. ಅದಂತೂ ಏನೂ ಹಾಕದೇ ಇರುವುದಕ್ಕಿಂತ ಅಪಾಯ. ಕಣ್ಣು ಪಟ್ಟಿಯನ್ನೇ ಅಂಚು ಅಂತ ನಂಬುತ್ತದೆ. ಒಂದೇ ಮೆಟ್ಟಿಲಿಗೆ ಎರಡು ಮೂರು ಗೆರೆ ಎಳೆಯುವುದೂ ಅಷ್ಟೇ, ಯಾವುದು ನಿಜವಾದ ಅಂಚು ಅಂತ ಗೊತ್ತಾಗುವುದಿಲ್ಲ.

ಹಳದಿಯೇ ಆಗಬೇಕು ಅಂತಿಲ್ಲ. ನಮ್ಮದು ಕರೀ ಕಲ್ಲು, ಅದಕ್ಕೆ ಹಳದಿ. ಬಿಳೀ ಟೈಲ್ಸ್ ಆದರೆ ಕಪ್ಪು ಅಥವಾ ಗಾಢ ಕಂದು. ಶಿರಾ ಗ್ರೇ ತರದ ಬೂದಿ ಕಲ್ಲಿಗೆ ಬರೀ ಅಲ್ಯೂಮಿನಿಯಂ ಹಾಕಿದರೆ ಬೂದಿಯ ಮೇಲೆ ಬೂದಿ. ಇಂಗ್ಲೆಂಡಿನ ಕಟ್ಟಡ ನಿಯಮದ ಮಾರ್ಗದರ್ಶಿಯಲ್ಲಿ, ಮನೆಗಳಲ್ಲದ ಕಟ್ಟಡಗಳಿಗೆ, ಪಟ್ಟಿಯ ಅಳತೆಯೇ ಇದೆ: ಟ್ರೆಡ್ ಮೇಲೆ 50ರಿಂದ 65 ಮಿಲಿಮೀಟರ್, ರೈಸರ್ ಮೇಲೆ 30ರಿಂದ 55. ರೈಸರಿನದು ಹತ್ತುವವರಿಗೆ, ಟ್ರೆಡ್ಡಿನದು ಇಳಿಯುವವರಿಗೆ. ಕಟ್ಟಡಗಳನ್ನು ಎಲ್ಲರೂ ಸರಾಗವಾಗಿ ಬಳಸುವಂತಿರಬೇಕು ಅಂತ ನಮ್ಮ ಕೇಂದ್ರ ಸರ್ಕಾರ ಹೊರಡಿಸಿದ 2021ರ ಮಾರ್ಗಸೂಚಿಯೂ ಅಂಚಿಗೆ ಬೇರೆ ಬಣ್ಣದ ಪಟ್ಟಿ ಇರಬೇಕು ಅನ್ನುತ್ತದೆ. ಬರೀ ಮಾರ್ಗಸೂಚಿ ಆದರೆ ಯಾರು ಕೇಳ್ತಾರೆ ಅಲ್ವಾ? 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟೂ ಇದೇ ತಕರಾರು ತೆಗೆಯಿತು. ಅಂಗವಿಕಲರಿಗೆ ಅನುಕೂಲ ಮಾಡಿಕೊಡುವ ನಿಯಮ ಸಲಹೆಯ ಹಾಗಿದ್ದರೆ ಸಾಲದು, ಕಡ್ಡಾಯ ಮಾಡಿ ಅಂತ ಮೂರು ತಿಂಗಳು ಗಡುವು ಕೊಟ್ಟಿತು.

ನನಗೆ ಮನೆಗಿಂತ ಜಾಸ್ತಿ ಸಿಟ್ಟು ಕಲ್ಯಾಣ ಮಂಟಪಗಳ ಮೇಲೆ. ಊಟದ ಹಾಲ್ ನೆಲಮಾಳಿಗೆಯಲ್ಲಿ. ಇಳಿಯುವ ಮೆಟ್ಟಿಲಿಗೆ ಕನ್ನಡಿಯಂಥ ಗ್ರಾನೈಟ್. ಕೈ ತೊಳೆದು ಬಂದವರ ನೀರು, ಚೆಲ್ಲಿದ ಮಜ್ಜಿಗೆ. ಅದರ ಮೇಲೆ ರೇಷ್ಮೆ ಸೀರೆಯ ನೆರಿಗೆ ಹಿಡಿದುಕೊಂಡು, ಮೊಮ್ಮಗುವನ್ನು ಸೊಂಟಕ್ಕೆ ಏರಿಸಿಕೊಂಡು ಅಜ್ಜಿಯರು ಇಳಿಯುತ್ತಾರೆ. ಅಷ್ಟು ದುಡ್ಡು ಸುರಿದು ಹೂವಿನ ಕಮಾನು ಕಟ್ಟಿಸುವವರು ಅಂಚಿಗೆ ಒಂದು ಪಟ್ಟಿ ಹಾಕಿಸುವುದಿಲ್ಲ. ಇನ್ನೊಂದು ಕಡೆ ಮಹಡಿ ಮೇಲಿನ ಬ್ಯಾಂಕು. ನವೆಂಬರ್ ಬಂದರೆ ಎಷ್ಟೋ ಪೆನ್ಷನ್‌ನವರು ಬದುಕಿದ್ದೇವೆ ಅಂತ ತೋರಿಸೋಕೆ ಆ ಕಡಿದಾದ ಮೆಟ್ಟಿಲು ಹತ್ತುತ್ತಾರೆ. ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ ಮನೆಯಲ್ಲಿ ಟ್ರೆಡ್ ಕನಿಷ್ಠ 250 ಮಿಲಿಮೀಟರ್, ರೈಸರ್ ಗರಿಷ್ಠ 190. ಜನ ಓಡಾಡುವ ಕಟ್ಟಡದಲ್ಲಿ 300 ಮತ್ತು 150. ನಾನು ಒಂದು ಬ್ಯಾಂಕಿನ ಮೆಟ್ಟಿಲಿಗೆ ಟೇಪ್ ಹಿಡಿದು ಅಳೆದೆ, ರೈಸರ್ 200ರ ಮೇಲಿತ್ತು. ಸೆಕ್ಯುರಿಟಿಯವರು ಏನ್ ಸಾರ್ ಅಂದರು, ಏನಿಲ್ಲ ಅಂದು ಬಂದೆ. ಅಂಥ ಮೆಟ್ಟಿಲಿಗೆ ನೋಸಿಂಗ್ ಹಾಕಿದರೂ ಅರ್ಧ ಕಷ್ಟ ಹಾಗೇ ಉಳಿಯುತ್ತದೆ. ಕೈಗೆ ಹಿಡಿಕೆ ಇಲ್ಲದಿದ್ದರೆ ಇನ್ನೂ ಕಷ್ಟ.

ಮಧುಗಿರಿ ಏಕಶಿಲಾ ಬೆಟ್ಟ ಹತ್ತಿದವರಿಗೆ ಗೊತ್ತಿರುತ್ತದೆ. ಅಲ್ಲಿ ಬಂಡೆಯಲ್ಲೇ ಕಡಿದ ಮೆಟ್ಟಿಲುಗಳಿವೆ. ಕೆಲವು ಕಡೆ ಬರೀ ಪಾದ ಊರುವಷ್ಟು ಜಾಗ. ಆದರೂ ಉಳಿ ಹೊಡೆದ ಕಲ್ಲು ಕಾಲನ್ನು ಹಿಡಿದುಕೊಳ್ಳುತ್ತದೆ. ಹಳೇ ದೇವಸ್ಥಾನದ ಮೆಟ್ಟಿಲಿಗೆ ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಳಿಯುತ್ತಿದ್ದರಲ್ಲ, ಅದೂ ನೆನಪಾಯಿತು. ಭಕ್ತಿಗೆ ಬಳಿದರೋ ಬೇರೆ ಯಾತಕ್ಕೋ, ಮಬ್ಬುಗತ್ತಲಲ್ಲಿ ಮೆಟ್ಟಿಲು ಎಣಿಸಲು ಬರುತ್ತಿತ್ತು.

ಅಮ್ಮ ಈಗ ಗೋಡೆ ಸವರುವುದಿಲ್ಲ, ರೇಲಿಂಗ್ ಹಿಡಿದು ಇಳಿಯುತ್ತಾಳೆ. ಹೆಬ್ಬೆರಳು ಮಾತ್ರ ಅಭ್ಯಾಸ ಬಲದಿಂದ ಇನ್ನೂ ಆಗಾಗ ಹುಡುಕುತ್ತದೆ. ಹಳದಿ ಬಣ್ಣ ಅವಳಿಗೂ ಇಷ್ಟ ಇಲ್ಲ, ಕುಂಕುಮದ ಬಣ್ಣ ಸಿಗಲಿಲ್ವಾ ಅಂತ ಕೇಳಿದಳು. ಕರೀ ಕಲ್ಲಿನ ಮೇಲೆ ಕೆಂಪು ಸಂಜೆ ಹೊತ್ತಿಗೆ ಕಪ್ಪೇ ಆಗಿಬಿಡುತ್ತೆ ಅಂದೆ. ಒಪ್ಪಲಿಲ್ಲ.

ಹೊರಗಿನ ಮೂರು ಮೆಟ್ಟಿಲು ಇನ್ನೂ ಹಾಗೇ ಇವೆ. ದಿನಾ ನೀರು ಬೀಳುತ್ತೆ, ರಂಗೋಲಿ ಪುಡಿ ಬೀಳುತ್ತೆ, ಮಳೆಯಲ್ಲಿ ಸೋಪಿನ ಹಾಗೆ ಜಾರುತ್ತೆ. ಅಲ್ಲಿ ಪಟ್ಟಿಯೊಂದೇ ಸಾಲದು, ಪಾಲಿಶ್ ಹೋಗಬೇಕು. ತುಮಕೂರು ಕಡೆ ಕೂರಿಸಿದ ಕಲ್ಲಿಗೇ, ಬಿರುಕು ಬಿಡದ ಹಾಗೆ, ಉಳಿ ಹೊಡೆದು ಒರಟು ಮಾಡಿಕೊಡುವವರು ಯಾರಾದರೂ ಗೊತ್ತಿದ್ದರೆ ಕಾಮೆಂಟಲ್ಲಿ ಹೇಳಿ. ಗೌರಿ ಹಬ್ಬದೊಳಗೆ ಆಗಬೇಕು.