ಸಂತೆಯಲ್ಲಿ ಹತ್ತು ನಿಮಿಷದ ನಿದ್ದೆ

ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಅಂತ ಹಿರಿಯರು ಹೇಳಿದ್ದನ್ನು ಮುಂಬಯಿಯ ಹಾಸಿಗೆ ಅಂಗಡಿಯವರು ಗಂಭೀರವಾಗಿ ತೆಗೆದುಕೊಂಡಿದ್ದಾರೆ. ಭಾನುವಾರ ಸಂಜೆ ಓಶಿವರಾದ ಫರ್ನಿಚರ್ ಮಾರ್ಕೆಟ್ಟಿಗೋ ಎಲ್‌ಬಿಎಸ್ ರಸ್ತೆಯ ಯಾವುದಾದರೂ ಶೋರೂಮಿಗೋ ಹೋಗಿ ನೋಡಿ. ಮರ್ಯಾದಸ್ಥ ಸಂಸಾರಗಳು ಸಾಲಾಗಿ ಮಲಗಿರುತ್ತವೆ. ಬೂಟು ಬಿಚ್ಚುವ ಕಷ್ಟವೂ ಇಲ್ಲ, ಕಾಲ ಬುಡಕ್ಕೆ ಪ್ಲಾಸ್ಟಿಕ್ ಹಾಳೆ ಹಾಸಿರುತ್ತಾರೆ. ಗಂಡ ಅಂಗಾತ, ಹೆಂಡತಿ ವ್ಯಾನಿಟಿ ಬ್ಯಾಗನ್ನು ಹೊಟ್ಟೆಯ ಮೇಲಿಟ್ಟುಕೊಂಡು, ನಡುವೆ ಮಗ ಕುಪ್ಪಳಿಸುತ್ತಾ. ತಲೆಯ ಹತ್ತಿರ ಟೈ ಕಟ್ಟಿದ ಹುಡುಗ ನಿಂತು ಮೆಲ್ಲಗೆ ಕೇಳುತ್ತಾನೆ: "ಆಂಖ್ ಬಂದ್ ಕೀಜಿಯೆ ಅಂಕಲ್. ಪೀಠ್ ಕ್ಯಾ ಬೋಲ್ ರಹಾ ಹೈ?"

ಬೆನ್ನು ಏನು ಹೇಳೀತು? ಡೊಂಬಿವಲಿಯಿಂದ ಬೆಳಗಿನ ಫಾಸ್ಟ್ ಲೋಕಲ್‌ನಲ್ಲಿ ನಾಲ್ಕು ಜನರ ಮೊಣಕೈಗಳ ನಡುವೆ ನಿಂತೇ ಬರುವ ಬೆನ್ನು ಅದು. ಎಲ್ಲಿ ಅಡ್ಡ ಮಾಡಿದರೂ "ಇದೇ, ಇದೇ" ಅನ್ನುತ್ತದೆ. ಅಂಗಡಿಯ ಟೈಲ್ಸಿನ ಮೇಲೆ ಮಲಗಿಸಿದ್ದರೂ ಬಿಲ್ ಮಾಡಿಸಿಕೊಂಡು ಬರುತ್ತಿತ್ತು. ಉಡುಪಿ ಹೋಟೆಲಿನಲ್ಲಿ ಶಟರ್ ಎಳೆದ ಮೇಲೆ ಎರಡು ಮೇಜು ಕೂಡಿಸಿ ಮಲಗಿ, ಇಡ್ಲಿಯ ಹೊತ್ತಿಗೆ ಎದ್ದು, ರಾತ್ರಿ ಶಾಲೆಯನ್ನೂ ಮುಗಿಸಿದ ನಮ್ಮವರೇ ಇವತ್ತು ಅಲ್ಲಿ ಬಿದ್ದುಕೊಂಡು "ಮೀಡಿಯಂ ಫರ್ಮ್ ಸಾಕಾ, ಫರ್ಮ್ ಬೇಕಾ" ಅಂತ ಹೆಂಡತಿಯ ಹತ್ತಿರ ಚರ್ಚೆ ಮಾಡುತ್ತಾರೆ. (ಈ ಊರಿನಲ್ಲಿ ನಾನು ಕಂಡ ಅತ್ಯಂತ ಗಾಢ ನಿದ್ದೆ ಕನ್ನಡ ಸಂಘದ ಪ್ಲಾಸ್ಟಿಕ್ ಕುರ್ಚಿಯ ಮೇಲೆ, ಅಧ್ಯಕ್ಷ ಭಾಷಣ ನಡೆಯುತ್ತಿರುವಾಗ ಬರುವಂಥದ್ದು. ಆ ಕುರ್ಚಿಗೆ ಯಾರೂ ಸರ್ಟಿಫಿಕೇಟು ಕೊಟ್ಟಿಲ್ಲ.)

ಹುಡುಗನ ವಿಚಾರಣೆಗೆ ಕೊನೆಯಿಲ್ಲ. ಮಗ್ಗುಲಾಗಿ ಮಲಗುವವರಾ, ಬೋರಲಾ? ಬೆವರುತ್ತೀರಾ? ರಾತ್ರಿ ಎಷ್ಟು ಸಲ ಏಳುತ್ತೀರಿ? ಹೆಂಡತಿ ಹೊರಳಿದರೆ ನಿಮಗೆ ಎಚ್ಚರವಾಗುತ್ತದಾ? ಇಷ್ಟು ತಾಳ್ಮೆಯಿಂದ ವಿಚಾರಿಸುವ ಡಾಕ್ಟರು ಸಿಕ್ಕಿ ಎಷ್ಟೋ ಕಾಲವಾಯಿತು. ಮೇಲಾಗಿ ಅಂಗಡಿಯ ಹಾಸಿಗೆಗಳೆಲ್ಲ ಆರ್ಥೋಪೆಡಿಕ್. ಆರ್ಥೋ, ಆರ್ಥೋ ಪ್ಲಸ್, ಆರ್ಥೋ ರಾಯಲ್. ಆರ್ಥೋ ಅಲ್ಲದ್ದು ಇದೆಯಾ ಅಂದರೆ ಮಕ್ಕಳ ತೊಟ್ಟಿಲಿನದ್ದನ್ನು ತೋರಿಸುತ್ತಾರೆ, ಅದರ ಮೇಲೂ ಬೇಬಿ ಆರ್ಥೋ ಅಂತ ಬರೆದಿರುತ್ತದೆ. ನಿಮ್ಮ ಬೆನ್ನು, ನಿಮ್ಮ ಬೆವರು, ನಿಮ್ಮ ದಾಂಪತ್ಯ ಎಲ್ಲದರ ಬಗ್ಗೆಯೂ ಅಲ್ಲಿ ಮಾತಾಡಬಹುದು. ಹಾಸಿಗೆಯೊಳಗೆ ಏನಿದೆ ಅನ್ನುವುದೊಂದನ್ನು ಬಿಟ್ಟು.

ಆ ಒಂದು ಪ್ರಶ್ನೆ ಕೇಳಿ ಕೆಟ್ಟವರು ನನ್ನ ಸೋದರಮಾವ. ಸುಳ್ಯದವರು, ಅಡಿಕೆಯ ಜೊತೆಗೆ ಒಂದಷ್ಟು ರಬ್ಬರೂ ಇದೆ. ಮುಂಬಯಿ ನೋಡಲು ಬಂದವರನ್ನು ನಾನು ಗೇಟ್‌ವೇ ತೋರಿಸಿ, ಹಾಗೇ ಹಾಸಿಗೆ ಅಂಗಡಿಗೂ ಕರೆದುಕೊಂಡು ಹೋದೆ. ಅವರು ಮಲಗಲಿಲ್ಲ. ಲೇಟೆಕ್ಸ್ ಎಂಬ ಬೋರ್ಡಿನ ಕೆಳಗಿದ್ದ ಹಾಸಿಗೆಯ ಒಂದು ಮೂಲೆ ಹಿಡಿದು ಎಡಗೈಯಲ್ಲೇ ಎತ್ತಿದರು. ಹಾಸಿಗೆಗೆ ಹಾಸಿಗೆಯೇ ಎದ್ದು ಬಂತು.

"ಎಂತ ಮಾರಾಯ ಇದು, ಇದರೊಳಗೆ ರಬ್ಬರ್ ಎಲ್ಲಿ ಉಂಟು?"

"ಲೈಟ್‌ವೇಟ್ ಟೆಕ್ನಾಲಜಿ ಹೈ ಅಂಕಲ್!" ಹುಡುಗ ಹೆಮ್ಮೆಯಿಂದ ಹೇಳಿದ.

ಮಾವನ ಲೆಕ್ಕ ಸರಳ. ಲೇಟೆಕ್ಸ್ ಅಂದರೆ ರಬ್ಬರ್ ಮರದ ಹಾಲು. ಅದನ್ನು ಯಂತ್ರದಲ್ಲಿ ತಿರುಗಿಸಿ ನೂರಕ್ಕೆ 60 ಪಾಲು ರಬ್ಬರ್ ಉಳಿಯುವಷ್ಟು ಗಟ್ಟಿ ಮಾಡಿ, ಗಂಧಕ ಸೇರಿಸಿ, ನೊರೆಯೇಳುವಂತೆ ಕಡೆದು, ಅಚ್ಚಿಗೆ ಹೊಯ್ದು ಹಬೆಯಲ್ಲಿ ಬೇಯಿಸಿದರೆ ಫೋಮ್. 1929ರಲ್ಲಿ ಇಂಗ್ಲೆಂಡಿನ ಡನ್ಲಪ್ ಟಯರು ಕಂಪನಿಯ ಪ್ರಯೋಗಶಾಲೆಯಲ್ಲಿ ಹುಟ್ಟಿದ ವಿದ್ಯೆ, ಇವತ್ತಿಗೂ ಡನ್ಲಪ್ ವಿಧಾನ ಅಂತಲೇ ಹೆಸರು. ಒಂದು ಘನ ಮೀಟರಿಗೆ 80 ಕಿಲೋ ತೂಗುವ ಫೋಮ್ ಅಂತ ಇಟ್ಟುಕೊಂಡರೆ, 78 ಇಂಚು ಉದ್ದ, 60 ಇಂಚು ಅಗಲ, 6 ಇಂಚು ದಪ್ಪದ ಹಾಸಿಗೆ 36 ಕಿಲೋ ದಾಟಬೇಕು. ಅಂಥದ್ದನ್ನು ಎಡಗೈಯಲ್ಲಿ ಎತ್ತಲು ಮಾವ ಭೀಮಸೇನ ಅಲ್ಲ, ಅವರಿಗೆ ಮಂಡಿನೋವು ಬೇರೆ ಇದೆ.

"ಜಿಪ್ ಎಲ್ಲಿ ಉಂಟು ಕೇಳು ಅವನ ಹತ್ತಿರ."

"ಜಿಪ್ ನಹೀ ಆತಾ ಅಂಕಲ್. ಪ್ರೀಮಿಯಂ ಫಿನಿಶ್ ಹೈ."

ಪಕ್ಕದ ಹಾಸಿಗೆಗೆ ಜಿಪ್ ಇತ್ತು. ಮಾವ ಕೈ ಹಾಕಿದ್ದೇ ತಡ, ಹುಡುಗ ಓಡಿಬಂದ. "ಖೋಲೇಗಾ ತೋ ವಾರಂಟಿ ಗಯಾ!"

ಇದೇ ಊರಿನಲ್ಲಿ ಇನ್ನೂರು ರೂಪಾಯಿಯ ಬಂಗುಡೆ ಕೊಳ್ಳುವಾಗ ಕಿವಿರು ಎತ್ತಿ ಕೆಂಪಿದೆಯಾ ನೋಡುತ್ತೇವೆ, ಕಣ್ಣು ನೋಡುತ್ತೇವೆ, ಹೊಟ್ಟೆ ಒತ್ತುತ್ತೇವೆ, ಆಮೇಲೆ ಮೀನು ಮಾರುವ ಹೆಂಗಸಿನ ಹತ್ತಿರ ಚೌಕಾಸಿಗೆ ನಿಲ್ಲುತ್ತೇವೆ. ಅರುವತ್ತು ಸಾವಿರದ ಹಾಸಿಗೆಯ ಕಿವಿರು ಮಾತ್ರ ಎತ್ತಬಾರದು. ಎತ್ತಿದರೆ ಹತ್ತು ವರ್ಷದ ವಾರಂಟಿ ಅಲ್ಲೇ ಪ್ರಾಣ ಬಿಡುತ್ತದೆ.

ಮಜಾ ಏನೆಂದರೆ ಅಲ್ಲಿ ಯಾರೂ ಸುಳ್ಳು ಹೇಳುವುದಿಲ್ಲ. ಪೆಟ್ರೋಲಿಯಂನಿಂದ ಮಾಡುವ ಸ್ಟೈರೀನ್ ಬ್ಯೂಟಡೈಯೀನ್ ರಬ್ಬರಿನ ಹಾಲಿಗೂ ಲೇಟೆಕ್ಸ್ ಎಂದೇ ಹೆಸರು. ಮರದ್ದನ್ನೂ ಅದನ್ನೂ ಬೆರೆಸಿದರೂ ಲೇಟೆಕ್ಸ್. ಐದು ಇಂಚು ಮಾಮೂಲಿ ಪಿಯು ಫೋಮಿನ (ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್ಕಿನ ಸ್ಪಂಜು) ಮೇಲೆ ಒಂದು ಇಂಚು ಲೇಟೆಕ್ಸ್ ಅಂಟಿಸಿ ಹೊಲಿದರೆ ಅದೂ ಲೇಟೆಕ್ಸ್ ಹಾಸಿಗೆಯೇ. ನೂರಕ್ಕೆ ನೂರು ನೈಸರ್ಗಿಕ ಅಂದರೆ ಆ ಒಂದು ಇಂಚು ನೂರಕ್ಕೆ ನೂರು ನೈಸರ್ಗಿಕ. ಉಳಿದ ಐದು ಇಂಚಿನ ಬಗ್ಗೆ ಅವರು ಮಾತೇ ಎತ್ತಲಿಲ್ಲವಲ್ಲ, ಸುಳ್ಳು ಎಲ್ಲಿಂದ ಬಂತು? ಮುದ್ರೆಗಳೂ ಹಾಗೇ. ಸಾವಯವ ಲೇಟೆಕ್ಸಿಗೆ ಕೊಡುವ ಗೋಲ್ಸ್ ಎಂಬ ಮುದ್ರೆ ಬೇಕಿದ್ದರೆ ನೂರಕ್ಕೆ 95ಕ್ಕಿಂತ ಹೆಚ್ಚು ಪಾಲು ಪ್ರಮಾಣೀಕೃತ ಸಾವಯವ ಮಾಲು ಇರಬೇಕು. ಓಕೋ-ಟೆಕ್ಸ್ ಎಂಬುದು ಹಾನಿಕರ ರಾಸಾಯನಿಕ ಇದೆಯಾ ಅಂತ ಪರೀಕ್ಷೆ ಮಾಡಿದ ಗುರುತು, ಅದು ಫೋಮಿಗೂ ಸಿಗುತ್ತದೆ, ಮೇಲಿನ ಬಟ್ಟೆಗೂ ಸಿಗುತ್ತದೆ. ನಿಮ್ಮ ಹಾಸಿಗೆಯ ಮೇಲಿರುವ ಹಸಿರು ಎಲೆಯ ಚಿತ್ರ ಈ ಎರಡೂ ಅಲ್ಲ. ಅದು ಎಲೆ. ಪಕ್ಕದ ಮೆಮೊರಿ ಫೋಮಿನ (ಮಲಗಿದವರ ಮೈಯ ಆಕಾರಕ್ಕೆ ತಗ್ಗುವ ಫೋಮ್) ಹಾಸಿಗೆಯ ಮೇಲೆ ಗಗನಯಾತ್ರಿಯ ಚಿತ್ರ ಇತ್ತು. 1966ರಲ್ಲಿ ನಾಸಾದವರಿಗಾಗಿ ವಿಮಾನದ ಸೀಟಿನ ಮೆತ್ತೆಗೆಂದು ಕಂಡುಹಿಡಿದ ಫೋಮ್ ಅದು ನಿಜ. ಅದರ ಪುಣ್ಯದಿಂದ ಮುಲುಂಡಿನ ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರು ಪ್ರತಿ ರಾತ್ರಿ ಸ್ಪೇಸ್‌ನಲ್ಲಿ ಮಲಗಿದ ಸುಖದಲ್ಲಿದ್ದಾರೆ.

ಇನ್ನು ತೂತುಗಳ ವಿಷಯ. ಲೇಟೆಕ್ಸ್ ಫೋಮಿನ ತುಂಬ ಸಾಲಾಗಿ ತೂತುಗಳಿರುತ್ತವೆ. ಅಚ್ಚಿನಲ್ಲಿರುವ ಲೋಹದ ಕಡ್ಡಿಗಳ ಗುರುತು ಅವು. ಶಾಖ ಫೋಮಿನ ಒಳಗೂ ಸಮವಾಗಿ ಹರಡಿ ಬೇಯಲಿ ಅಂತ ಕಡ್ಡಿ ಇಟ್ಟಿರುತ್ತಾರೆ. ಅಂಗಡಿಗೆ ಬರುವ ಹೊತ್ತಿಗೆ ಅವು ಉಸಿರಾಟದ ರಂಧ್ರಗಳಾಗಿ ಬಡ್ತಿ ಪಡೆದಿರುತ್ತವೆ. ಇನ್ನೊಂದು ಅಂಗಡಿಯಲ್ಲಿ ಅವೇ ಆಕ್ಯುಪ್ರೆಶರ್ ಬಿಂದುಗಳು. ತೂತು ಹೇಗೆ ಒತ್ತುತ್ತದೆ ಅಂತ ಮಾವ ಕೇಳಿದ್ದಕ್ಕೆ ಹುಡುಗ ಮ್ಯಾನೇಜರನ್ನು ಕರೆಯಲು ಹೋದವನು ಟೀ ಕುಡಿಯಲು ಹೋದ.

ಗಾಳಿ ಆಡುತ್ತದೆ ಅನ್ನೋಣ, ಸ್ವಲ್ಪ ಆಡುವುದೂ ನಿಜವೇ. ಆದರೆ ಮುಂಬಯಿಯ ಮಂಚ ಎಂಥದ್ದು? ಅದು ಮಂಚವಲ್ಲ, ಮುಚ್ಚಳವಿರುವ ಪ್ಲೈವುಡ್ ಪೆಟ್ಟಿಗೆ. ಅದರೊಳಗೆ ಊರಿನಿಂದ ತಂದ ತಾಮ್ರದ ಹಂಡೆ, ಗಣಪತಿಯ ಮಂಟಪದ ಥರ್ಮೋಕೋಲು, ಮದುವೆಗೆ ಬಂದ ಆರು ಡಿನ್ನರ್ ಸೆಟ್ಟು, ಮಗಳ ಹತ್ತನೇ ತರಗತಿಯ ಪುಸ್ತಕ, ಅಟ್ಟ ಇಲ್ಲದ ಊರಿನ ಸಮಸ್ತ ಅಟ್ಟ. ಲೇಟೆಕ್ಸನ್ನು ಪಟ್ಟಿಗಳ ನಡುವೆ ಸಂದು ಬಿಟ್ಟ ಮಂಚದ ಮೇಲೆ ಹಾಕಬೇಕು, ಕೆಳಗಿನಿಂದ ಗಾಳಿ ಸಿಗಬೇಕು ಅನ್ನುವುದನ್ನು ಹುಡುಗನೂ ಹೇಳುವುದಿಲ್ಲ, ನಾವೂ ಕೇಳುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುವ ಊರಿನಲ್ಲಿ ಉಸಿರಾಡುವ ಹಾಸಿಗೆಯನ್ನು ಕಿಟಕಿಯಿಲ್ಲದ ಪೆಟ್ಟಿಗೆಯ ಮೇಲೆ ಹಾಸಿ, ಎಸಿ ಹಾಕಿ, ಮೇಲೆ ವಾಟರ್‌ಪ್ರೂಫ್ ಹೊದಿಕೆ ಎಳೆಯುತ್ತೇವೆ. ಹೊದಿಕೆಯನ್ನು ಅವರೇ ಫ್ರೀ ಕೊಡುತ್ತಾರೆ. ಮಳೆ ನಿಂತ ಮೇಲೆ ಅಮ್ಮಂದಿರ ಕಾಲದ ಹಾಗೆ ಟೆರೇಸಿಗೆ ಒಯ್ದು ಬಿಸಿಲಿಗೆ ಹಾಕೋಣ ಅಂದರೆ ಅದೂ ಕೂಡದು. ಬಿಸಿಲು ತಗುಲಿದರೆ ಲೇಟೆಕ್ಸ್ ಹಳದಿಯಾಗಿ, ಬಿರುಸಾಗಿ, ಪುಡಿಯಾಗುತ್ತದೆ. ಅಷ್ಟಕ್ಕೂ ಟೆರೇಸಿನ ಬೀಗದ ಕೈ ಸೊಸೈಟಿಯ ಸೆಕ್ರೆಟರಿಯ ಹತ್ತಿರ ಇರುತ್ತದೆ, ಹಾಸಿಗೆಗೆ ನೆರಳು ಅಲ್ಲಿಂದಲೇ ಸಿಕ್ಕಿತು.

ಬೆಲೆಗೆ ಬರೋಣ. ಹಣೆಪಟ್ಟಿಯಲ್ಲಿ ಒಂದು ಲಕ್ಷ ಇಪ್ಪತ್ತು ಸಾವಿರ ಬರೆದು ಅಡ್ಡಗೀಟು ಎಳೆದು ಅರುವತ್ತು ಸಾವಿರ ಅಂತ ಇರುತ್ತದೆ. ಆ ಅಡ್ಡಗೀಟು ಕಾರ್ಖಾನೆಯಿಂದಲೇ ಬರುತ್ತದೋ ಏನೋ, ಅಡ್ಡಗೀಟು ಇಲ್ಲದ ಬೆಲೆಯನ್ನು ನಾನಂತೂ ಕಂಡಿಲ್ಲ. ಗಣೇಶ ಚತುರ್ಥಿ ಆಫರ್ ಮುಗಿದರೆ ದಸರಾ ಆಫರ್, ಅದು ಮುಗಿದರೆ ಮಾರ್ಚ್‌ನಲ್ಲಿ ವಿಶ್ವ ನಿದ್ರಾ ದಿನದ ಆಫರ್. ಮಾವ ಬಾಯಲ್ಲೇ ಗುಣಿಸಿದರು: ಶೀಟು ರಬ್ಬರಿಗೆ ಕಿಲೋಕ್ಕೆ ಇನ್ನೂರರ ಆಚೀಚೆ, ಪೂರಾ ರಬ್ಬರೇ ಆಗಿದ್ದರೂ 36 ಕಿಲೋಗೆ ಏಳು ಸಾವಿರದ ಮೇಲೆ ಚಿಲ್ಲರೆ. ಕಾರ್ಖಾನೆ, ಲಾರಿ, ಬಾಡಿಗೆ, ಟೈ ಕಟ್ಟಿದ ಹುಡುಗನ ಸಂಬಳ ಎಲ್ಲ ಬೇಕಪ್ಪ, ಒಪ್ಪಿದೆ. ಆದರೂ ಮಾವ ಕೆಲಹೊತ್ತು ಗಗನಯಾತ್ರಿಯ ಮುಖವನ್ನೇ ನೋಡುತ್ತಾ ನಿಂತರು. ಅವರ ಕಡೆ ಟ್ಯಾಪಿಂಗ್ ಮಾಡುವವರು, ಅಂದರೆ ಮರದ ತೊಗಟೆ ಗೀರಿ ಹಾಲು ಇಳಿಸುವವರು, ಇನ್ನೂ ಕತ್ತಲಿರುವಾಗ ತಲೆಗೆ ಟಾರ್ಚು ಕಟ್ಟಿಕೊಂಡು ತೋಟಕ್ಕೆ ಇಳಿಯುತ್ತಾರೆ. ಬಿಸಿಲೇರಿದರೆ ಹಾಲು ಇಳಿಯುವುದು ಕಮ್ಮಿ. ಸುಳ್ಯ, ಪುತ್ತೂರಿನ ಸರ್ಕಾರಿ ರಬ್ಬರ್ ತೋಟಗಳಲ್ಲಿ ಈ ಕೆಲಸ ಮಾಡಿದವರು 1964ರ ಭಾರತ-ಶ್ರೀಲಂಕಾ ಒಪ್ಪಂದದ ಪ್ರಕಾರ ಆ ದೇಶದಿಂದ ಬಂದ ತಮಿಳು ಕುಟುಂಬಗಳವರು. ಅವರ ಮಲಗುವ ಭಂಗಿ ಯಾವುದು ಅಂತ ಯಾವ ಶೋರೂಮಿನವರೂ ವಿಚಾರಿಸಿದ್ದು ಗೊತ್ತಿಲ್ಲ.

ನಮ್ಮ ಮುಂಬಯಿಕರರ ಲೆಕ್ಕವೇ ಬೇರೆ. 78 ಇಂಚಿಗೆ 72 ಇಂಚಿನ ಕಿಂಗ್ ಸೈಜ್ ಹಾಸಿಗೆ 39 ಚದರಡಿ ಜಾಗ ತಿನ್ನುತ್ತದೆ. ಚದರಡಿಗೆ 25 ಸಾವಿರ ಅಂತ ಹಿಡಿದರೂ ಹಾಸಿಗೆಯ ಅಡಿಯ ಜಾಗಕ್ಕೇ 9 ಲಕ್ಷ 75 ಸಾವಿರ. ಅದರ ಮೇಲೆ ಅರುವತ್ತು ಸಾವಿರ ಏನು ಮಹಾ ಅಂತ ಹುಡುಗನೇ ಸಮಾಧಾನ ಹೇಳುತ್ತಾನೆ. ಆ ಗೃಹಸಾಲದ ಕಂತು ನೆನೆದು ನಿದ್ದೆ ಬರುವುದಿಲ್ಲ ಅಂದರೆ ಅದಕ್ಕೂ ಮದ್ದಿದೆ, ಹಾಸಿಗೆಯನ್ನೂ ಕಂತಿನಲ್ಲಿ ಕೊಡುತ್ತಾರೆ.

ಎಲ್ಲಕ್ಕಿಂತ ದೊಡ್ಡ ದಾನ ನೂರು ರಾತ್ರಿಯ ಟ್ರಯಲ್. ನೂರು ರಾತ್ರಿ ಮಲಗಿ, ಸೇರದಿದ್ದರೆ ವಾಪಸ್. ಚರ್ಚ್‌ಗೇಟಿನಿಂದ ಕೊನೆಯ ಲೋಕಲ್ ಬಿಡುವುದು ರಾತ್ರಿ ಒಂದರ ಹೊತ್ತಿಗೆ, ಮೊದಲನೆಯದು ಬೆಳಗಿನ ನಾಲ್ಕು ದಾಟುತ್ತಿದ್ದಂತೆ. ರೈಲೇ ಇಲ್ಲಿ ಮೂರು ತಾಸು ಮಲಗುತ್ತದೆ, ಅದರಲ್ಲಿ ಹೋಗುವವರು ನೂರು ರಾತ್ರಿಯ ನಿದ್ದೆ ಕೂಡಿಸಬೇಕಾದರೆ ವಾರಂಟಿಯ ಅವಧಿ ಮುಗಿದೀತು. 2019ರಲ್ಲಿ ಬೆಂಗಳೂರಿನ ಹಾಸಿಗೆ ಕಂಪನಿಯೊಂದು ರಾತ್ರಿಗೆ ಒಂಬತ್ತು ತಾಸಿನ ಹಾಗೆ ನೂರು ರಾತ್ರಿ ನಿದ್ದೆ ಮಾಡಿದರೆ ಒಂದು ಲಕ್ಷ ರೂಪಾಯಿ ಕೊಡುವ ಇಂಟರ್ನ್‌ಶಿಪ್ಪನ್ನೇ ಘೋಷಿಸಿತ್ತು. ಒಂಬತ್ತು ತಾಸು! ದೂರದ ವಿರಾರಿನಿಂದ ಲೋಕಲ್ ಹಿಡಿಯುವವನು ಅರ್ಜಿ ತುಂಬಿದರೆ ಅನುಭವ ಇಲ್ಲ ಅಂತಲೇ ತಿರಸ್ಕಾರವಾಗುತ್ತಿತ್ತು.

ವಾಪಸ್ ಮಾಡುವವರೂ ವಿರಳ. ಇಳಿಸಿದ ದಿನವೇ ಆ ಹಾಸಿಗೆ ಲಿಫ್ಟಿಗೆ ಹಿಡಿಸದೆ, ನಾಲ್ಕು ಜನ ಏಳನೇ ಮಾಳಿಗೆಗೆ ಹೊತ್ತು, ವಾಚ್‌ಮನ್ ಬೇರೆ, ಸೆಕ್ರೆಟರಿ ಬೇರೆ ತಕರಾರು ತೆಗೆದು, ಮೆಟ್ಟಿಲಿನ ಸುಣ್ಣ ಕಿತ್ತು ಹೋಗಿರುತ್ತದೆ. ಅದನ್ನು ಮತ್ತೆ ಇಳಿಸುವುದಕ್ಕಿಂತ ಬೆನ್ನುನೋವೇ ಅಗ್ಗ. ಹಳೆಯ ಹಾಸಿಗೆ ಎಲ್ಲಿ ಹೋಯಿತು ಅಂತ ಕೇಳಬೇಡಿ, ಮಳೆಗಾಲಕ್ಕೆ ಮುಂಚೆ ನಾಲೆ ಹೂಳೆತ್ತುವವರಿಗೆ ಗೊತ್ತು.

ಹೊರಡುವಾಗ ಹುಡುಗ ನನ್ನ ಮೊಬೈಲ್ ನಂಬರ್ ಬರೆದುಕೊಂಡ. ಮಾವ ಊರಿಗೆ ಹೋದ ಮೇಲೂ ಸಂದೇಶಗಳು ಬರುತ್ತಲೇ ಇವೆ, ಬಹಳಷ್ಟು ನಡುರಾತ್ರಿಗೆ. ಫೋನು ಗುಂಯ್ ಅಂದಾಗ ಎದ್ದು ನೋಡಿದರೆ, "ಇನ್ನೂ ನಿದ್ದೆ ಬಂದಿಲ್ಲವೇ? ಆಫರ್ ಎರಡೇ ಗಂಟೆ!" ನಿನ್ನೆ ಎದ್ದವನು ಎದ್ದೆನಲ್ಲ ಅಂತ ಅದಕ್ಕೇ ಉತ್ತರ ಬರೆದೆ: ಒಳಗೆ ಎಷ್ಟು ಇಂಚು ಲೇಟೆಕ್ಸ್ ಇದೆ? ಕ್ಷಣದಲ್ಲೇ ಮರುತ್ತರ ಬಂತು. "ಬಹಳ ಒಳ್ಳೆಯ ಪ್ರಶ್ನೆ! ಮೊದಲು ತಿಳಿಸಿ, ನೀವು ಮಗ್ಗುಲಾಗಿ ಮಲಗುವವರಾ, ಬೋರಲಾ?"